ಮನೆಯವನೇ ಎಂಬ ಕಾರಣಕ್ಕೆ: ಕರ್ಕ್ ಹರ್ಬ್‌ಸ್ಟ್ರೀಟ್ ಮೇಲಿನ ಮುನಿಸಿನ ಹಿನ್ನೆಲೆ

ಅಮೆರಿಕದ ಒಹಾಯೊ ರಾಜ್ಯದ ರಾಜಧಾನಿ ಕೊಲಂಬಸ್‌ನ ಜನರಿಗೆ 2011ರ ಮಾರ್ಚ್‌ನಲ್ಲಿ ಪತ್ರಿಕೆಯ ಮೂಲಕ ಒಂದು ಸುದ್ದಿ ತಿಳಿಯಿತು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಮಾಜಿ ನಾಯಕ, ಇಎಸ್‌ಪಿಎನ್ ವಾಹಿನಿಯ ವೀಕ್ಷಕ ವಿವರಣೆಗಾರ ಕರ್ಕ್ ಹರ್ಬ್‌ಸ್ಟ್ರೀಟ್ ಹೆಂಡತಿ ಮಕ್ಕಳೊಂದಿಗೆ ಊರು ಬಿಟ್ಟು ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ಗೆ ಹೊರಟಿದ್ದರು. ಇದು ಕೆಲಸದ ವರ್ಗಾವಣೆಯಾಗಿರಲಿಲ್ಲ. ತಾವು ಆಡಿದ ತಂಡದ ಅಭಿಮಾನಿಗಳಲ್ಲೇ ಒಂದು ಸಣ್ಣ ಗುಂಪು ಬಿಡದೆ ನಡೆಸುತ್ತಿರುವ ದಾಳಿಯನ್ನು ಇನ್ನು ಸಹಿಸಲಾಗದು, ಬಹುಪಾಲು ಜನ ಒಳ್ಳೆಯವರೇ ಆದರೂ ಉಳಿದ ನೂರಕ್ಕೆ ಐದೋ ಹತ್ತೋ ಮಂದಿ ಬದುಕನ್ನು ಕಷ್ಟವಾಗಿಸಿದ್ದಾರೆ ಎಂಬ ಅರ್ಥದಲ್ಲಿ ಅವರು ಹೇಳಿಕೊಂಡಿದ್ದರು. ಶತ್ರುಪಾಳೆಯದ ಅಭಿಮಾನಿಗಳು ಬೈದರೆ ಅದರಲ್ಲಿ ಸುದ್ದಿಯೇನೂ ಇರುತ್ತಿರಲಿಲ್ಲ. ಬೈದವರು ಮನೆಯವರೇ ಆಗಿದ್ದರು.

ಈ ಮುನಿಸು ಅರ್ಥವಾಗಬೇಕಾದರೆ ಆ ಊರನ್ನೂ ಆ ಆಟವನ್ನೂ ಸ್ವಲ್ಪ ತಿಳಿಯಬೇಕು. ಇಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್ ಧರಿಸಿ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಅದರಲ್ಲೂ ಕಾಲೇಜು ತಂಡಗಳ ಆಟಕ್ಕೆ ಆ ದೇಶದಲ್ಲಿ ವೃತ್ತಿಪರ ಲೀಗಿಗೆ ಸರಿಸಾಟಿಯಾದ, ಕೆಲವು ಊರುಗಳಲ್ಲಿ ಅದನ್ನೂ ಮೀರಿದ ನಿಷ್ಠೆಯಿದೆ. ಒಹಾಯೊ ಸ್ಟೇಟ್‌ನ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ನೆರೆರಾಜ್ಯದ ಮಿಷಿಗನ್ ವಿಶ್ವವಿದ್ಯಾಲಯದ ಜೊತೆಗಿನ ಪೈಪೋಟಿ 1897ರಿಂದ ನಡೆದುಬಂದಿದೆ. ಆ ಪಂದ್ಯದ ವಾರದಲ್ಲಿ ಕೊಲಂಬಸ್ ಕ್ಯಾಂಪಸ್ಸಿನಲ್ಲಿ ನಡೆದು ಹೋದರೆ ಕಟ್ಟಡದ ಹೆಸರಿನಲ್ಲಾಗಲಿ ದಾರಿಯ ಫಲಕದಲ್ಲಾಗಲಿ ಇಂಗ್ಲಿಷಿನ ‘ಎಂ’ ಅಕ್ಷರ ಕಂಡಲ್ಲೆಲ್ಲ ಅದರ ಮೇಲೆ ಕೆಂಪು ಟೇಪಿನ ಕಾಟು ಬಿದ್ದಿರುತ್ತದೆ. ಎದುರಾಳಿಯ ಮೊದಲಕ್ಷರವನ್ನೂ ಓದಲು ಒಲ್ಲದ ಊರು ಅದು.

ಹರ್ಬ್‌ಸ್ಟ್ರೀಟ್ ಈ ಊರಿಗೆ ಹೊರಗಿನವರಲ್ಲ. ತಂದೆ ಜಿಮ್ ಹರ್ಬ್‌ಸ್ಟ್ರೀಟ್ 1960ರಲ್ಲಿ ಇದೇ ತಂಡದ ಸಹನಾಯಕರಾಗಿದ್ದವರು, ಆಮೇಲೆ ದಂತಕಥೆಯಾದ ಕೋಚ್ ವುಡಿ ಹೇಯ್ಸ್ ಅವರ ಕೈಕೆಳಗೆ ಸಹಾಯಕ ಕೋಚ್ ಆಗಿದ್ದವರು. ಮಗ ಕರ್ಕ್ 1992ರಲ್ಲಿ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ತಂಡದ ದಾಳಿಯನ್ನು ನಡೆಸುವ ಆಟಗಾರ) ಹಾಗೂ ಸಹನಾಯಕ. ಆ ವರ್ಷ ಮಿಷಿಗನ್ ವಿರುದ್ಧದ ಪಂದ್ಯ 13–13ರಲ್ಲಿ ಸಮವಾಯಿತು. ಅವರಿದ್ದಷ್ಟು ವರ್ಷಗಳಲ್ಲಿ ಒಹಾಯೊ ಸ್ಟೇಟ್ ಮಿಷಿಗನ್ನನ್ನು ಒಮ್ಮೆಯೂ ಸೋಲಿಸಲಾಗಲಿಲ್ಲ. ವೃತ್ತಿಪರ ಲೀಗಿನಲ್ಲಿ ಆಡುವ ಯೋಗ ಕೂಡಿಬರದೆ ಅವರು ಕೊಲಂಬಸ್‌ನ ಕ್ರೀಡಾ ರೇಡಿಯೊ ಸೇರಿದರು, 1995ರಲ್ಲಿ ಇಎಸ್‌ಪಿಎನ್‌ಗೆ ಹೋದರು, ಮರುವರ್ಷ ‘ಕಾಲೇಜ್ ಗೇಮ್‌ಡೇ’ ಕಾರ್ಯಕ್ರಮದ ಕುರ್ಚಿಯಲ್ಲಿ ಕೂತರು. ಶನಿವಾರ ಬೆಳಗ್ಗೆ ಯಾವುದಾದರೊಂದು ಕ್ಯಾಂಪಸ್ಸಿನಲ್ಲಿ ವೇದಿಕೆ ಹಾಕಿ, ಬೆನ್ನ ಹಿಂದೆ ಸಾವಿರಾರು ವಿದ್ಯಾರ್ಥಿಗಳು ಫಲಕ ಹಿಡಿದು ಕೂಗುತ್ತಿರುವಂತೆ ನಡೆಯುವ ಕಾರ್ಯಕ್ರಮವದು; ಕೊನೆಗೆ ವೇದಿಕೆಯ ಮೇಲಿದ್ದವರು ಅಂದು ಯಾರು ಗೆಲ್ಲುತ್ತಾರೆಂದು ಒಬ್ಬೊಬ್ಬರಾಗಿ ಹೇಳಬೇಕು. ಹರ್ಬ್‌ಸ್ಟ್ರೀಟ್ ಅವರ ಕಷ್ಟ ಅಲ್ಲಿಂದಲೇ ಶುರುವಾಯಿತು. ಒಹಾಯೊ ಸ್ಟೇಟ್ ಗೆಲ್ಲುತ್ತದೆ ಎಂದರೆ ದೇಶದ ಉಳಿದ ಭಾಗಕ್ಕೆ ಅದು ಪಕ್ಷಪಾತ. ಸೋಲುತ್ತದೆ ಎಂದರೆ ಕೊಲಂಬಸ್‌ಗೆ ಅದು ದ್ರೋಹ.

ಅದೇ ವೇದಿಕೆಯ ಮೇಲೆ ಡೆಸ್ಮಂಡ್ ಹವರ್ಡ್ ಕೂಡ ಕೂರುತ್ತಾರೆ. ಅವರು ಮಿಷಿಗನ್‌ನವರು, 1991ರಲ್ಲಿ ಒಹಾಯೊ ಸ್ಟೇಟ್ ವಿರುದ್ಧವೇ ಅಂಕ ಗಳಿಸಿ, ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್ಮನ್ ಟ್ರೋಫಿಯ ಭಂಗಿಯಲ್ಲಿ ಮೈದಾನದ ಅಂಚಿನಲ್ಲಿ ನಿಂತು, ಆಮೇಲೆ ಆ ಟ್ರೋಫಿಯನ್ನು ನಿಜವಾಗಿಯೂ ಗೆದ್ದವರು. ಹವರ್ಡ್ ತಮ್ಮ ಮಿಷಿಗನ್ ಪ್ರೀತಿಯನ್ನು ಎಂದೂ ಮುಚ್ಚಿಟ್ಟುಕೊಂಡವರಲ್ಲ, ಅದಕ್ಕಾಗಿ ಅವರು ಊರು ಬಿಡಬೇಕಾಗಿಯೂ ಬಂದಿಲ್ಲ. ನನಗೆ ಈ ಇಡೀ ಪ್ರಕರಣದಲ್ಲಿ ಮುಖ್ಯವಾಗಿ ಕಾಣುವುದು ಇದೇ: ಬಾಯಿಬಿಟ್ಟು ಪಕ್ಷ ವಹಿಸಿದವರನ್ನು ಅಭಿಮಾನಿಗಳು ನಕ್ಕು ಬಿಟ್ಟುಬಿಡುತ್ತಾರೆ, ನಿಷ್ಪಕ್ಷಪಾತಿಯಾಗಿರಲು ಹೆಣಗುವ ತಮ್ಮವನನ್ನು ಕ್ಷಮಿಸುವುದಿಲ್ಲ.

ಒಹಾಯೊ ಸ್ಟೇಟ್ 2007ರ ಜನವರಿಯಲ್ಲಿ ಫ್ಲಾರಿಡಾ ತಂಡಕ್ಕೆ 41–14ರಿಂದ, 2008ರ ಜನವರಿಯಲ್ಲಿ ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ತಂಡಕ್ಕೆ 38–24ರಿಂದ ಸತತ ಎರಡು ರಾಷ್ಟ್ರೀಯ ಫೈನಲ್‌ಗಳನ್ನು ಸೋತಾಗ ಈ ಮುನಿಸಿಗೆ ಇನ್ನೊಂದು ಪದರ ಸೇರಿತು. ಕಾಲೇಜು ತಂಡಗಳು ಕೂಟಗಳಾಗಿ ಗುಂಪುಗೂಡಿ ಆಡುತ್ತವೆ; ಒಹಾಯೊ ಸ್ಟೇಟ್ ಇರುವ ಉತ್ತರದ ‘ಬಿಗ್ ಟೆನ್’ ಕೂಟದ ತಂಡಗಳು ನಿಧಾನ, ಅದನ್ನು ಸೋಲಿಸಿದ ಆ ಎರಡೂ ತಂಡಗಳಿರುವ ದಕ್ಷಿಣದ ‘ಎಸ್‌ಇಸಿ’ ಕೂಟದವು ವೇಗ ಎಂಬ ಮಾತು ಕ್ರೀಡಾ ಚರ್ಚೆಗಳಲ್ಲಿ ಗಾದೆಯಂತಾಯಿತು. ಎರಡನೆಯ ಸೋಲಿಗೆ ಮೊದಲು, 2007ರ ಡಿಸೆಂಬರ್ 1ರ ಬೆಳಗ್ಗೆ, ಹರ್ಬ್‌ಸ್ಟ್ರೀಟ್ ಎಡವಿದ್ದೂ ಉಂಟು. ಎಲ್‌ಎಸ್‌ಯು ಕೋಚ್ ಲೆಸ್ ಮೈಲ್ಸ್ ಮಿಷಿಗನ್‌ಗೆ ಹೋಗುತ್ತಾರೆಂದು ಅವರು ನೇರಪ್ರಸಾರದಲ್ಲಿ ಸುದ್ದಿ ಕೊಟ್ಟರು. ಎಸ್‌ಇಸಿ ಕೂಟದ ಫೈನಲ್ ಅಂದೇ ಇತ್ತು. ಮೈಲ್ಸ್ ಪಂದ್ಯಕ್ಕೆ ಮುನ್ನ ಪತ್ರಕರ್ತರ ಮುಂದೆ ಬಂದು, ಕೋಪ ನುಂಗಿಕೊಂಡ ದನಿಯಲ್ಲಿ ಅದನ್ನು ತಳ್ಳಿಹಾಕಿ, ತಂಡವನ್ನು ಗೆಲ್ಲಿಸಿ, ತಿಂಗಳು ಕಳೆದ ಮೇಲೆ ಫೈನಲ್‌ನಲ್ಲಿ ಒಹಾಯೊ ಸ್ಟೇಟನ್ನೇ ಮಣಿಸಿದರು. ಒಂದು ತಪ್ಪು ಸುದ್ದಿಗೆ ಇಷ್ಟು ಉದ್ದದ ಬಾಲ ಬೆಳೆಯುವುದು ಅಪರೂಪ.

ಇಂಥ ತಪ್ಪುಗಳಿಗಾಗಿ ಬರುವ ಟೀಕೆ ನ್ಯಾಯವಾದದ್ದೇ. 2020ರ ಡಿಸೆಂಬರ್ 1ರಂದು, ಕೋವಿಡ್ ಕಾಲದಲ್ಲಿ, ಮಿಷಿಗನ್ ತಂಡ ಹೀನಾಯವಾಗಿ ಸೋಲುವುದನ್ನು ತಪ್ಪಿಸಿಕೊಳ್ಳಲು ಸೋಂಕಿನ ನೆಪ ಹೇಳಿ ಒಹಾಯೊ ಸ್ಟೇಟ್ ವಿರುದ್ಧದ ಪಂದ್ಯದಿಂದ ಹಿಂದೆ ಸರಿಯಬಹುದು ಎಂದು ಅವರು ಸೂಚಿಸಿದರು. ಯಾವ ಆಧಾರವೂ ಇಲ್ಲದ ಆ ಮಾತಿಗೆ ಅಂದು ರಾತ್ರಿಯೇ ವಿಡಿಯೊ ಮೂಲಕ ಕ್ಷಮೆ ಕೇಳಿದರು. ವಾರದ ನಂತರ ಮಿಷಿಗನ್ ಸೋಂಕಿನ ಕಾರಣಕ್ಕೇ ಪಂದ್ಯ ರದ್ದುಮಾಡಿದಾಗ, ಕ್ಷಮೆ ಕೇಳಿದ್ದೇ ತಪ್ಪೆಂದು ಕೊಲಂಬಸ್‌ನವರು ಛೇಡಿಸಿದರೆ, ಮಿಷಿಗನ್‌ನವರು ಆ ಮಾತನ್ನು ಇನ್ನೂ ಮರೆತಿಲ್ಲ. 2022ರ ಹೊಸವರ್ಷದ ದಿನ, ಋತುವಿನ ಕೊನೆಯ ಬೌಲ್ ಪಂದ್ಯಗಳನ್ನು ಬಿಟ್ಟು ವೃತ್ತಿಪರ ಲೀಗಿಗೆ ಸಿದ್ಧರಾಗುವ ಹುಡುಗರನ್ನು ಕುರಿತು, ಈ ತಲೆಮಾರಿಗೆ ಆಟದ ಮೇಲೆ ಪ್ರೀತಿಯೇ ಇಲ್ಲವೆಂದರು. ಮೊಣಕಾಲು ಮುರಿದರೆ ಕೋಟಿಗಳು ಹೋಗುವುದು ಆಟಗಾರನಿಗೇ ಹೊರತು ವಾಹಿನಿಗಲ್ಲ ಎಂಬ ತಿರುಗೇಟು ತಕ್ಷಣ ಬಂತು, ಅದರಲ್ಲಿ ಹುರುಳೂ ಇತ್ತು. ಅವರು ಆಮೇಲೆ ಸಮಜಾಯಿಷಿ ಕೊಟ್ಟರು.

ಆದರೆ ಹೆಚ್ಚಿನ ಬೈಗುಳಕ್ಕೆ ಇಂಥ ನಿರ್ದಿಷ್ಟ ತಪ್ಪು ಬೇಕಾಗಿಯೇ ಇಲ್ಲ. ಸಿಬಿಎಸ್ ವಾಹಿನಿಯಲ್ಲಿ ಎಸ್‌ಇಸಿ ಪಂದ್ಯಗಳಿಗೆ ವಿವರಣೆ ಕೊಡುತ್ತಿದ್ದ, ಪರ್ಡ್ಯೂ ವಿಶ್ವವಿದ್ಯಾಲಯದ ಮಾಜಿ ಕ್ವಾರ್ಟರ್‌ಬ್ಯಾಕ್ ಗ್ಯಾರಿ ಡೇನಿಯಲ್ಸನ್ ತಮ್ಮ ತಂಡವನ್ನು ದ್ವೇಷಿಸುತ್ತಾರೆಂದು ಆ ಕೂಟದ ಹೆಚ್ಚುಕಡಿಮೆ ಪ್ರತಿಯೊಂದು ತಂಡದ ಅಭಿಮಾನಿಯೂ ನಂಬಿದ್ದ. ಎಲ್ಲರ ಮಾತೂ ನಿಜವಾಗಿರಲು ಸಾಧ್ಯವಿಲ್ಲವಷ್ಟೆ. ಇದರ ಗುಟ್ಟು ಹೊರಬಿದ್ದದ್ದೂ ಒಂದು ಕಾಲೇಜು ಫುಟ್‌ಬಾಲ್ ಪಂದ್ಯದಿಂದಲೇ. 1951ರ ನವೆಂಬರ್‌ನಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ತಂಡಗಳ ನಡುವೆ ನಡೆದ ಒರಟು ಪಂದ್ಯದಲ್ಲಿ ಪ್ರಿನ್ಸ್‌ಟನ್‌ನ ತಾರೆ ಡಿಕ್ ಕಾಜ್ಮೇಯರ್ ಮೂಗು ಮುರಿದುಕೊಂಡು ಹೊರಬಂದರು, ಡಾರ್ಟ್‌ಮತ್‌ನ ಒಬ್ಬ ಆಟಗಾರನ ಕಾಲು ಮುರಿಯಿತು. ಆಲ್ಬರ್ಟ್ ಹೇಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಆ ಪಂದ್ಯದ ಫಿಲ್ಮನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ನಿಯಮಭಂಗಗಳನ್ನು ಗುರುತಿಸಲು ಹೇಳಿ, ಫಲಿತಾಂಶವನ್ನು 1954ರಲ್ಲಿ ಪ್ರಕಟಿಸಿದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಸರಾಸರಿ 4.3 ಕಂಡರೆ ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ 9.8 ಕಂಡವು. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಆ ಫಿಲ್ಮನ್ನು ದೂರದ ಊರಿನ ಡಾರ್ಟ್‌ಮತ್ ಹಳೆಯ ವಿದ್ಯಾರ್ಥಿಗಳಿಗೂ ತೋರಿಸಲೆಂದು ಕಳಿಸಲಾಗಿತ್ತು. ತಮ್ಮವರ ಒರಟುತನದ ಬಗ್ಗೆ ಅಷ್ಟೆಲ್ಲ ಕೇಳಿದ್ದ ಒಬ್ಬರು ಮೊದಲೇ ಹಾಕಿ ನೋಡಿದರೆ ಅವರಿಗೆ ಅಂಥದ್ದೇನೂ ಕಾಣಲಿಲ್ಲ. ಮುಖ್ಯವಾದ ಭಾಗವನ್ನೇ ಕತ್ತರಿಸಿದಂತಿದೆ, ಅದನ್ನೂ ಕಳಿಸಿಕೊಡಿ, ಅಂಟಿಸುವ ಉಪಕರಣ ನಮ್ಮಲ್ಲಿದೆ ಎಂದು ಟೆಲಿಗ್ರಾಂ ಹೊಡೆದರಂತೆ. ಫಿಲ್ಮನ್ನು ಯಾರೂ ಕತ್ತರಿಸಿರಲಿಲ್ಲ.

ಹಾಗೆಂದು ಎಲ್ಲವನ್ನೂ ಅಭಿಮಾನಿಯ ಕಣ್ಣಿನ ದೋಷವೆಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಈ ಆಟದ ರಚನೆಯಲ್ಲೇ ಒಂದು ವಿಚಿತ್ರವಿದೆ. ಐಪಿಎಲ್‌ನಲ್ಲಿ ಯಾವ ತಂಡ ಪ್ಲೇ-ಆಫ್‌ಗೆ ಹೋಗುತ್ತದೆ ಎಂಬುದನ್ನು ಅಂಕಪಟ್ಟಿ ಹೇಳುತ್ತದೆ, ಅಂಕ ಸಮವಾದರೆ ರನ್‌ರೇಟ್ ಹೇಳುತ್ತದೆ. ಮೈಕ್ ಹಿಡಿದವರು ಏನೆಂದರೂ ಅದು ಬದಲಾಗದು. ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಮೇಲ್ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ, ಪ್ರತಿಯೊಂದೂ ನಿಯಮಿತ ಋತುವಿನಲ್ಲಿ ಆಡುವುದು ಹನ್ನೆರಡೇ ಪಂದ್ಯ. ಆದ್ದರಿಂದ 1936ರಲ್ಲಿ ಸುದ್ದಿಸಂಸ್ಥೆ ಎಪಿ ತಂಡಗಳ ಶ್ರೇಯಾಂಕಕ್ಕಾಗಿ ತನ್ನ ಮತಗಣನೆಯನ್ನು ಶುರುಮಾಡಿದಾಗಿನಿಂದಲೂ ಯಾರು ಮೇಲು ಎಂಬುದು ಬಹುಮಟ್ಟಿಗೆ ಅಭಿಪ್ರಾಯದ ಮಾತಾಗಿಯೇ ಉಳಿದಿದೆ. 2014ರಲ್ಲಿ ನಾಲ್ಕು ತಂಡಗಳ ಪ್ಲೇ-ಆಫ್ ಬಂದ ಮೇಲೂ ತಂಡಗಳನ್ನು ಆರಿಸುವುದು ಒಂದು ಸಮಿತಿ. ಅಭಿಪ್ರಾಯವೇ ತೀರ್ಪಾಗುವ ಕಡೆ ವಾರವಾರವೂ ಲಕ್ಷಾಂತರ ಜನರೆದುರು ಅಭಿಪ್ರಾಯ ಹೇಳುವವನ ಮಾತು ಬರೀ ಮಾತಾಗಿ ಉಳಿಯುವುದಿಲ್ಲ.

ಅದರ ಜೊತೆಗೆ ಹಣದ ಲೆಕ್ಕವೂ ಇದೆ. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪಂದ್ಯಗಳ ಪ್ರಸಾರದ ಮೇಲೆ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎಗೆ ಇದ್ದ ಏಕಸ್ವಾಮ್ಯವನ್ನು ಮುರಿದ ಮೇಲೆ ಕೂಟಗಳು ತಂತಮ್ಮ ಹಕ್ಕುಗಳನ್ನು ತಾವೇ ಮಾರಿಕೊಳ್ಳತೊಡಗಿದವು. ಇಎಸ್‌ಪಿಎನ್ 2014ರಲ್ಲಿ ಎಸ್‌ಇಸಿಗೇ ಒಂದು ಪ್ರತ್ಯೇಕ ವಾಹಿನಿ ತೆರೆಯಿತು, 2024ರಿಂದ ಆ ಕೂಟದ ಪ್ರಸಾರ ಹಕ್ಕೆಲ್ಲ ಅದರದ್ದೇ ಆಯಿತು, ಪ್ಲೇ-ಆಫ್‌ನ ಹಕ್ಕೂ ಅದರ ಕೈಯಲ್ಲೇ ಇದೆ. ಬಿಗ್ ಟೆನ್ ಮಾತ್ರ 2023ರಿಂದ ಫಾಕ್ಸ್, ಸಿಬಿಎಸ್, ಎನ್‌ಬಿಸಿ ವಾಹಿನಿಗಳ ಪಾಲಾಯಿತು. ಅಂದರೆ ಹರ್ಬ್‌ಸ್ಟ್ರೀಟ್ ಅವರ ಮಾತೃಸಂಸ್ಥೆ ಒಂದು ಕಡೆ, ಸಂಬಳ ಕೊಡುವ ಸಂಸ್ಥೆ ಇನ್ನೊಂದು ಕಡೆ. ಅವರ ಮಾತಿನಲ್ಲಿ ಯಜಮಾನನ ಹಿತ ಅಡಗಿದೆಯೆಂದು ಸಾಬೀತುಪಡಿಸುವುದು ಸಾಧ್ಯವಿಲ್ಲ. ಅಂಥ ಅನುಮಾನ ಹುಟ್ಟುವಂಥ ಜಾಗದಲ್ಲೇ ಅವರು ಕೂತಿದ್ದಾರೆಂಬುದನ್ನು ಅಲ್ಲಗಳೆಯುವುದೂ ಸಾಧ್ಯವಿಲ್ಲ.

2023ರ ಡಿಸೆಂಬರ್ 3ರಂದು ಈ ಅನುಮಾನ ಸ್ಫೋಟಿಸಿತು. ಫ್ಲಾರಿಡಾ ಸ್ಟೇಟ್ ತಂಡ ಆ ವರ್ಷ ಆಡಿದ ಹದಿಮೂರೂ ಪಂದ್ಯ ಗೆದ್ದು ತನ್ನ ಕೂಟದ ಚಾಂಪಿಯನ್ ಆಗಿತ್ತು. ನವೆಂಬರ್ 18ರಂದು ಅದರ ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡಿದ್ದರು, ಆದರೂ ತಂಡ ಉಳಿದ ಪಂದ್ಯಗಳನ್ನು ಸೋಲಲಿಲ್ಲ. ಸಮಿತಿ ಅದನ್ನು ಬಿಟ್ಟು ಒಂದು ಪಂದ್ಯ ಸೋತಿದ್ದ ಅಲಬಾಮವನ್ನು, ಅಂದರೆ ಎಸ್‌ಇಸಿ ಚಾಂಪಿಯನ್ನನ್ನು, ನಾಲ್ಕನೆಯ ತಂಡವಾಗಿ ಆರಿಸಿತು. ದೊಡ್ಡ ಕೂಟವೊಂದರ ಅಜೇಯ ಚಾಂಪಿಯನ್ ಪ್ಲೇ-ಆಫ್‌ನಿಂದ ಹೊರಗುಳಿದದ್ದು ಅದೇ ಮೊದಲು. ಟ್ರಾವಿಸ್ ಇಲ್ಲದ ತಂಡ ದೇಶದ ನಾಲ್ಕು ಅತ್ಯುತ್ತಮ ತಂಡಗಳಲ್ಲಿ ಒಂದಲ್ಲ ಎಂದು ಸಮಿತಿಯ ತೀರ್ಮಾನವನ್ನು ಸಮರ್ಥಿಸಿದವರಲ್ಲಿ ಹರ್ಬ್‌ಸ್ಟ್ರೀಟ್ ಪ್ರಮುಖರು. ಫ್ಲಾರಿಡಾ ರಾಜ್ಯದ ಅಟಾರ್ನಿ ಜನರಲ್ ಸಮಿತಿಯ ಮೇಲೆ ತನಿಖೆ ಆರಂಭಿಸುವವರೆಗೂ ವಿಷಯ ಬೆಳೆಯಿತು. ಬಳಿಕ ಆರೆಂಜ್ ಬೌಲ್‌ನಲ್ಲಿ ಆ ತಂಡ ಜಾರ್ಜಿಯಕ್ಕೆ 63–3ರಿಂದ ಸೋತಾಗ, ಸಮಿತಿ ಮಾಡಿದ್ದೇ ಸರಿಯೆಂದು ಒಂದು ಕಡೆಯವರು, ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಮನಸ್ಸು ಮುರಿದು ಕಣಕ್ಕಿಳಿಯದಿದ್ದಾಗ ಆ ಅಂಕಕ್ಕೆ ಬೆಲೆಯೇನೆಂದು ಇನ್ನೊಂದು ಕಡೆಯವರು ವಾದಿಸಿದರು. ನನ್ನ ಮಟ್ಟಿಗೆ ಎರಡನೆಯ ವಾದವೇ ಗಟ್ಟಿ. ಆದರೆ ಕೋಪವೆಲ್ಲ ತೀರ್ಪು ಕೊಟ್ಟ ಹದಿಮೂರು ಮಂದಿಯನ್ನು ಬಿಟ್ಟು ಅದನ್ನು ಸಮರ್ಥಿಸಿದ ಒಬ್ಬರ ಮೇಲೆ ಹರಿದದ್ದು ಗಮನಿಸಬೇಕಾದ ಸಂಗತಿ. ಸಮಿತಿಯ ಸದಸ್ಯರ ಮುಖ ಯಾರಿಗೂ ಗೊತ್ತಿಲ್ಲ, ಹರ್ಬ್‌ಸ್ಟ್ರೀಟ್ ಮುಖ ಎಲ್ಲರಿಗೂ ಗೊತ್ತು.

ಮುನಿಸಿಗೂ ಬಿಡುವುಂಟು. ಅವರು ಪಂದ್ಯದಿಂದ ಪಂದ್ಯಕ್ಕೆ ಕರೆದೊಯ್ಯುತ್ತಿದ್ದ ಬೆನ್ ಎಂಬ ಗೋಲ್ಡನ್ ರಿಟ್ರೀವರ್ ನಾಯಿ 2024ರ ನವೆಂಬರ್‌ನಲ್ಲಿ ಸತ್ತಾಗ ಬೈಯುತ್ತಿದ್ದವರೂ ಮರುಗಿದರು. ಅದೇ ತಿಂಗಳ ಕೊನೆಗೆ ಒಹಾಯೊ ಸ್ಟೇಟ್ ಸತತ ನಾಲ್ಕನೆಯ ಬಾರಿ ಮಿಷಿಗನ್‌ಗೆ ಸೋತಾಗ ಊರಿನ ಸಿಟ್ಟು ಕೋಚ್ ರಯಾನ್ ಡೇ ಅವರತ್ತ ತಿರುಗಿತು. ಅಷ್ಟಾದರೂ ತಂಡ 2025ರ ಜನವರಿ 20ರಂದು ನೋಟರ್ ಡೇಮನ್ನು 34–23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಡೇ ಪಟ್ಟ ಪಾಡಿನ ಬಗ್ಗೆ ಮಾತಾಡುತ್ತ ಹರ್ಬ್‌ಸ್ಟ್ರೀಟ್ ಪರದೆಯ ಮೇಲೆಯೇ ಕಣ್ಣೀರಾದರು. ಹದಿನಾಲ್ಕು ವರ್ಷಗಳ ಹಿಂದೆ ತಾನೂ ಅದೇ ಊರಿನಲ್ಲಿ ಅದನ್ನೇ ಉಂಡವರು.

ಅದಕ್ಕೆ ಒಂದು ತಿಂಗಳ ಹಿಂದೆ ಅವರು ಇನ್ನೊಂದು ಊರಿನ ಸಿಟ್ಟನ್ನೂ ಸಂಪಾದಿಸಿಕೊಂಡಿದ್ದರು. ಪ್ಲೇ-ಆಫ್ ಹನ್ನೆರಡು ತಂಡಗಳಿಗೆ ವಿಸ್ತಾರಗೊಂಡ ಮೊದಲ ವರ್ಷ, ಹನ್ನೆರಡು ಪಂದ್ಯಗಳಲ್ಲಿ ಹನ್ನೊಂದನ್ನು ಗೆದ್ದು ಬಂದಿದ್ದ ಇಂಡಿಯಾನ ತಂಡ ನೋಟರ್ ಡೇಮ್‌ಗೆ 27–17ರಿಂದ ಸೋತ ಮರುದಿನ, ಆ ತಂಡಕ್ಕೆ ಆ ಮೈದಾನದಲ್ಲಿರುವ ಅರ್ಹತೆಯೇ ಇರಲಿಲ್ಲ ಎಂಬರ್ಥದ ಮಾತಾಡಿದ್ದರು. ಹೊರಗುಳಿದ ಎಸ್‌ಇಸಿ ತಂಡಗಳ ಪರ ವಕಾಲತ್ತು ಇದು ಎಂದು ಇಂಡಿಯಾನದವರು ಆಪಾದಿಸಿದರು. ಮರುವರ್ಷ, 2025ರ ಡಿಸೆಂಬರ್ 6ರಂದು, ಅದೇ ಇಂಡಿಯಾನ ಬಿಗ್ ಟೆನ್ ಫೈನಲ್‌ನಲ್ಲಿ ಒಹಾಯೊ ಸ್ಟೇಟನ್ನು 13–10ರಿಂದ ಸೋಲಿಸಿತು. ಪಂದ್ಯ ಪ್ರಸಾರವಾದದ್ದು ಫಾಕ್ಸ್ ವಾಹಿನಿಯಲ್ಲಿ. ಹರ್ಬ್‌ಸ್ಟ್ರೀಟ್ ಆ ಮೈಕಿನ ಮುಂದೆ ಇರಲಿಲ್ಲ.