ತೇವದ ಗಾಳಿ ಭಾರವಲ್ಲ, ಹಗುರ

ನೇರ ಟ್ರ್ಯಾಕಿನಲ್ಲಿ ಯಾರು ಬೇಗ ಮುಟ್ಟುತ್ತಾರೆ ಎಂದು ನೋಡುವ ಡ್ರ್ಯಾಗ್ ರೇಸಿಗೆ ಗಾಡಿ ಒಯ್ಯುವವರು ಹೊರಡುವ ಎಷ್ಟೋ ದಿನ ಮುಂಚೆಯೇ ಹವಾಮಾನ ನೋಡಲು ಶುರು ಮಾಡುತ್ತಾರೆ. ಮಳೆ ಬಂದರೆ ರೇಸ್ ಇಲ್ಲ. ಗೆರೆಗಳೇ ಇಲ್ಲದ ಸ್ಲಿಕ್ ಟೈರು ಒದ್ದೆ ಟ್ರ್ಯಾಕಿನಲ್ಲಿ ಜಾರುತ್ತದೆ. ಅದು ಎಲ್ಲರಿಗೂ ಗೊತ್ತಿರುವ ಮಾತು, ಬಿಡಿ. ನನಗೆ ತಲೆ ಬಿಸಿಯಾಗುವುದು ಮಳೆ ಇಲ್ಲದ ದಿನದ ಮಾತು ಕೇಳಿದಾಗ. "ಇವತ್ತು ಗಾಳೀಲಿ ತೇವ ಜಾಸ್ತಿ, ಗಾಳಿ ಭಾರ ಆಗಿದೆ, ಅದಕ್ಕೇ ಗಾಡಿ ಎಳೀತಿಲ್ಲ" ಅನ್ನುತ್ತಾರೆ. ಗಾಡಿ ಎಳೆಯದಿರುವುದು ನಿಜ. ಕಾರಣ ಮಾತ್ರ ಪೂರ್ತಿ ಉಲ್ಟಾ. ಬೆವರು ಆರದೆ ನಮಗೆ ಮೈ ಭಾರ ಅನ್ನಿಸುತ್ತದೆ. ಗಾಳಿ ಹಗುರವೇ ಆಗಿರುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು 1811ಕ್ಕೆ ಹೋಗಬೇಕು. ಒಂದೇ ಒತ್ತಡ, ಒಂದೇ ಉಷ್ಣತೆ ಇದ್ದರೆ ಒಂದೇ ಅಳತೆಯ ಡಬ್ಬಿಯಲ್ಲಿ ಯಾವ ಅನಿಲ ತುಂಬಿದರೂ ಅಣುಗಳ ಸಂಖ್ಯೆ ಒಂದೇ ಎಂದು ಇಟಲಿಯ ಅವೊಗಾಡ್ರೊ ಹೇಳಿದ. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನ ವಿಜ್ಞಾನಿಗಳು ಸೇರಿದಾಗ ಇಟಲಿಯವನೇ ಆದ ಕ್ಯಾನಿಜಾರೊ ಪಟ್ಟು ಹಿಡಿದು ವಾದಿಸಿದ ಮೇಲೆಯೇ ಆ ಮಾತಿಗೆ ಬೆಲೆ ಬಂತು. ಅಷ್ಟರಲ್ಲಿ ಅವೊಗಾಡ್ರೊ ತೀರಿಕೊಂಡಿದ್ದ.

ಇಂಜಿನ್ನಿನ ಸಿಲಿಂಡರನ್ನು ಲೆಕ್ಕದ ಸೀಟಿರುವ ಬಸ್ ಅಂದುಕೊಳ್ಳಿ. ನೀರಾವಿಯ ಅಣು ಹತ್ತಿ ಕೂತರೆ ನೈಟ್ರೋಜನ್ನೋ ಆಕ್ಸಿಜನ್ನೋ ಇಳಿಯಲೇಬೇಕು. ಒಣ ಗಾಳಿಯ ಅಣುಗಳ ಸರಾಸರಿ ತೂಕ ಸುಮಾರು 29, ನೀರಿನ ಅಣುವಿನದು ಬರೀ 18. ದಪ್ಪನೆಯವರು ಇಳಿದು ಸಣಕಲರು ಹತ್ತಿದರೆ ಬಸ್ಸಿನ ತೂಕ ಇಳಿಯುತ್ತದೆ, ಅಲ್ವಾ? ಪೆಟ್ರೋಲ್ ಉರಿಸಲು ಇಂಜಿನ್ನಿಗೆ ಬೇಕಾದ ಪ್ರಯಾಣಿಕ ಆಕ್ಸಿಜನ್ ಮಾತ್ರ. ಬಿಸಿಲು ಏರಿದರೆ ಎಲ್ಲರೂ ಕೈಕಾಲು ಚಾಚಿ ಕೂರುತ್ತಾರೆ, ಬಸ್ಸಿಗೆ ಹಿಡಿಯುವ ಜನವೇ ಕಡಿಮೆ.

ಲೆಕ್ಕ ನೋಡಿ. ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಒಣ ಗಾಳಿ ಘನ ಮೀಟರಿಗೆ 1.225 ಕಿಲೋ ತೂಗುತ್ತದೆ. 35 ಡಿಗ್ರಿಗೆ ಏರಿದರೆ ಶೇ. 6.5ರಷ್ಟು ಹೋಯಿತು. ಅದರ ಮೇಲೆ ಆರ್ದ್ರತೆ ಶೇ. 80 ಇದ್ದರೆ ಆ ಗಾಳಿ 870 ಮೀಟರ್ ಎತ್ತರದ ಬೆಟ್ಟದ ಗಾಳಿಯಷ್ಟು ತೆಳು. ರೇಸಿನವರು ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುವುದು ಇದನ್ನೇ.

ಆದರೆ ಈ ಸಂಖ್ಯೆಯೂ ಪೂರ್ತಿ ಕಥೆ ಹೇಳುವುದಿಲ್ಲ. 35 ಡಿಗ್ರಿಯಲ್ಲಿ ಗಾಳಿ ಹಿಡಿಯುವಷ್ಟೂ ನೀರಾವಿ ತುಂಬಿದರೆ ಗಾಳಿಯ ತೂಕ ಇಳಿಯುವುದು ಶೇ. 2 ಅಷ್ಟೇ. ಆಕ್ಸಿಜನ್ ಮಾತ್ರ ಶೇ. 5.5ರಷ್ಟು ಖೋತಾ! ಅದಕ್ಕೇ ಅನುಭವಸ್ಥರು ಗ್ರೇನ್ಸ್ ಎಷ್ಟು ಎಂದು ಬೇರೆಯೇ ಕೇಳುತ್ತಾರೆ. ಒಂದು ಪೌಂಡ್ ಒಣ ಗಾಳಿಯ ಜತೆ ಎಷ್ಟು ಗ್ರೇನ್ ನೀರು ಸೇರಿದೆ ಅನ್ನುವ ಲೆಕ್ಕ ಅದು. 7000 ಗ್ರೇನ್ ಸೇರಿದರೆ ಒಂದು ಪೌಂಡ್.

ಮೊಬೈಲಿನಲ್ಲಿ ಕಾಣುವ ಶೇಕಡಾವಾರು ಆರ್ದ್ರತೆ ನಂಬಿ ಹೊರಟರೆ ಮೋಸ ಹೋದಂತೆಯೇ. ಬೆಳಿಗ್ಗೆ 15 ಡಿಗ್ರಿಯಲ್ಲಿ ಶೇ. 90 ತೋರಿಸುತ್ತದೆ, ಮಧ್ಯಾಹ್ನ 35 ಡಿಗ್ರಿಯಲ್ಲಿ ಶೇ. 50. ಮಧ್ಯಾಹ್ನ ಒಣಗಿತು ಅನ್ನಿಸುತ್ತದೆ. ಸುಳ್ಳು. ಈ ಶೇಕಡಾ ಅನ್ನುವುದು ಆ ಕಾವಿನಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ತುಂಬಿದೆ ಅನ್ನುವ ಲೆಕ್ಕ, ಬಿಸಿ ಗಾಳಿ ಹಿಡಿಯುವುದೇ ಜಾಸ್ತಿ. ಮಧ್ಯಾಹ್ನದ ಗಾಳಿಯಲ್ಲಿ ನೀರು ಹೆಚ್ಚುಕಡಿಮೆ ಎರಡು ಪಟ್ಟು.

ಒತ್ತಡದ್ದೂ ಇದೇ ಕಥೆ. ಹವಾಮಾನ ವರದಿಯವರು ಎಲ್ಲ ಊರಿನ ಒತ್ತಡವನ್ನೂ ಸಮುದ್ರ ಮಟ್ಟಕ್ಕೆ ಹೊಂದಿಸಿ ಕೊಡುತ್ತಾರೆ. ಅಮೆರಿಕದ ಡೆನ್ವರ್ ಹತ್ತಿರ ಬ್ಯಾಂಡಿಮಿಯರ್ ಎಂಬ ಟ್ರ್ಯಾಕ್ ಇತ್ತು, 2023ರಲ್ಲಿ ಮುಚ್ಚಿತು. ಸುಮಾರು 5,800 ಅಡಿ ಎತ್ತರ. ವರದಿಯಲ್ಲಿ 1013 ಹೆಕ್ಟೋಪ್ಯಾಸ್ಕಲ್ ಅಂತಿದ್ದ ದಿನವೂ ಅಲ್ಲಿ ಇಂಜಿನ್ನಿಗೆ ಸಿಗುತ್ತಿದ್ದದ್ದು 820ರ ಆಸುಪಾಸು. ವರದಿ ನೋಡಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹರಿಯುವ ತೂತಿನ ತುಂಡು) ಆರಿಸಿದವನ ಇಂಜಿನ್ ಪೆಟ್ರೋಲ್ ಜಾಸ್ತಿಯಾಗಿ ಕಪ್ಪು ಹೊಗೆ ಬಿಡುತ್ತದೆ. ಎತ್ತರದ ಟ್ರ್ಯಾಕಿಗೆ ಸಣ್ಣ ತೂತಿನ ಜೆಟ್‌ಗಳು ಬೇಕು. ಮನೆಯಲ್ಲೇ ಡಬ್ಬಿಗೆ ಹಾಕಿಕೊಳ್ಳುವುದು ಒಳ್ಳೇದು. ಜತೆಗೊಂದು ಸ್ವಂತ ವೆದರ್ ಸ್ಟೇಷನ್. ಅದನ್ನು ನೆರಳಲ್ಲಿ ಇಡಿ. ಬಿಸಿಲಿಗಿಟ್ಟರೆ ಅದು ತನ್ನ ಡಬ್ಬಿಯ ಕಾವನ್ನೇ ಅಳೆದು ತೋರಿಸುತ್ತದೆ.

ಸಂಜೆಯ ಓಟವಿದ್ದರೆ ಇಬ್ಬನಿ ಬಿಂದುವನ್ನೂ, ಅಂದರೆ ಗಾಳಿಯ ನೀರಾವಿ ಹನಿಯಾಗಲು ಶುರುವಾಗುವ ಉಷ್ಣತೆಯನ್ನೂ, ಬರೆದಿಟ್ಟುಕೊಳ್ಳಿ. ಟ್ರ್ಯಾಕಿನ ಕಾವು ಅಲ್ಲಿಗೆ ಇಳಿದರೆ ಮೋಡವಿಲ್ಲದಿದ್ದರೂ ನೆಲ ಪಸೆಯಾಗಿ ಓಟ ನಿಲ್ಲುತ್ತದೆ.

ಇಷ್ಟೆಲ್ಲ ಪಾಡು ಎಲ್ಲರಿಗೂ ಒಂದೇ ಅಲ್ಲ. ಡ್ರ್ಯಾಗ್ ರೇಸಿನ ಅತಿ ವೇಗದ ವರ್ಗವಾದ ಟಾಪ್ ಫ್ಯುಯೆಲ್ ಗಾಡಿಗಳು ಕುಡಿಯುವ ನೈಟ್ರೋಮೀಥೇನ್ ಇಂಧನದ ಅಣುವಿನಲ್ಲೇ ಆಕ್ಸಿಜನ್ ಇದೆ. ಆದರೂ ಅವಕ್ಕೆ ಗಾಳಿ ಬೇಕೇ ಬೇಕು, ಎತ್ತರಕ್ಕೆ ಹೋದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಇನ್ನಷ್ಟು ಜೋರಾಗಿ ತಿರುಗಬೇಕು. ಎಲೆಕ್ಟ್ರಿಕ್ ಗಾಡಿಯವರದು ಮಾತ್ರ ಬೇರೆ ಲೋಕ. ಮೋಟರಿಗೆ ಆಕ್ಸಿಜನ್ ಬೇಡ. ಗಾಳಿ ತೆಳುವಾದಷ್ಟೂ ಎದುರಿನ ತಡೆ ಕಡಿಮೆ. ಬೇರೆಯವರು ಜೆಟ್ ಬಿಚ್ಚಿ ಹಾಕಿ ಪರದಾಡುವ ಬೆಟ್ಟದ ಟ್ರ್ಯಾಕಿನಲ್ಲಿ ಅವರು ಟೈರಿನ ಗಾಳಿ ನೋಡಿಕೊಂಡು ಸೀದಾ ಗೆರೆಗೆ ಬಂದು ನಿಲ್ಲಬಹುದು.