ಪದ ಪರಿಚಯ: ಕೋ-ವರ್ಕಿಂಗ್ ಸ್ಪೇಸ್

ಬೆಳಗಾವಿಯ ಟಿಳಕವಾಡಿ ಕಡೆ ಯಾವುದಾದರೂ ಮಹಡಿ ಮೇಲೆ ‘ಕೋ-ವರ್ಕಿಂಗ್ ಸ್ಪೇಸ್’ ಅಂತ ಬೋರ್ಡ್ ಕಂಡರೆ ಮನೆಯ ಹಿರಿಯರು ಮೊದಲು ಕೇಳೋದು, ಇದು ಯಾವ ಕಂಪನಿ ಆಫೀಸು ಅಂತ. ಯಾವ ಕಂಪನಿಯದ್ದೂ ಅಲ್ಲ. ಬೇರೆ ಬೇರೆ ಕೆಲಸ ಮಾಡುವ, ಬೇರೆ ಬೇರೆ ಕಡೆಯಿಂದ ದುಡ್ಡು ಬರುವ ಜನ ಒಂದೇ ಹಾಲ್‌ನಲ್ಲಿ ಕೂತು ತಮ್ಮ ತಮ್ಮ ಕೆಲಸ ಮಾಡಿಕೊಳ್ಳುವ ಜಾಗ ಅದು. ಇಂಟರ್ನೆಟ್, ಯುಪಿಎಸ್, ಪ್ರಿಂಟರ್, ಚಹಾ ಎಲ್ಲ ಹಂಚಿಕೆ. ದಿನದ ಲೆಕ್ಕಕ್ಕೂ ತಗೋಬಹುದು, ತಿಂಗಳ ಲೆಕ್ಕಕ್ಕೂ. ಎಲ್ಲಿ ಖಾಲಿ ಇದೆಯೋ ಅಲ್ಲಿ ಕೂತರೆ ‘ಹಾಟ್ ಡೆಸ್ಕ್’. ರಾತ್ರಿ ನಿಮ್ಮ ಮಾನಿಟರ್ ಅಲ್ಲೇ ಬಿಟ್ಟು ಹೋಗಬಹುದು ಅಂದರೆ ‘ಡೆಡಿಕೇಟೆಡ್ ಡೆಸ್ಕ್’, ಅದಕ್ಕೆ ಬಾಡಿಗೆ ಜಾಸ್ತಿ.

1999ರಲ್ಲಿ ಬರ್ನಿ ಡಿಕೋವನ್ ಅನ್ನುವ ಅಮೆರಿಕದ ಗೇಮ್ ಡಿಸೈನರ್ ‘ಕೋ-ವರ್ಕಿಂಗ್’ ಅನ್ನುವ ಮಾತು ಬಳಸಿದಾಗ ಅವರ ತಲೆಯಲ್ಲಿ ಟೇಬಲ್ಲೂ ಇರಲಿಲ್ಲ, ಬಾಡಿಗೆಯೂ ಇರಲಿಲ್ಲ. ಕಂಪ್ಯೂಟರ್ ನೆರವಿನಿಂದ ಜನ ಸರಿಸಮಾನರಾಗಿ ಕೂಡಿ ಕೆಲಸ ಮಾಡೋದಕ್ಕೆ ಅವರು ಹಾಗಂದಿದ್ದು. 2005ರಲ್ಲಿ ಬ್ರ್ಯಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈಗ ನಾವು ನೋಡುವ ಥರದ ಜಾಗ ಶುರು ಮಾಡಿದರು. ಒಬ್ಬರೇ ದುಡಿಯುವವರ ಸ್ವಾತಂತ್ರ್ಯವೂ ಬೇಕು, ಆಫೀಸಿನ ಜೊತೆಗಾರರೂ ಬೇಕು, ಎರಡನ್ನೂ ಒಟ್ಟಿಗೆ ಸಿಗೋ ಹಾಗೆ ಮಾಡೋಣ ಅನ್ನೋದು ಅವರ ಆಸೆ. ವಾರಕ್ಕೆ ಎರಡೇ ದಿನ ತೆರೆದಿರುತ್ತಿತ್ತು. ಮೊದಲ ತಿಂಗಳು ಒಬ್ಬರೂ ಬರಲಿಲ್ಲವಂತೆ.

ಈಗ ನಮ್ಮೂರಿಗೆ ಬರೋಣ. ಮನೆಯಲ್ಲಿ ಕೂತು ಡಿಸೈನ್ ಮಾಡುವವರು, ಮದುವೆ ವಿಡಿಯೋ ಎಡಿಟ್ ಮಾಡುವವರು, ಅನುವಾದಕರು, ಚಿತ್ರ ಬರೆಯುವವರು ಬೆಳಗಾವಿಯಲ್ಲಿ ಕಡಿಮೆಯೇನಿಲ್ಲ. ಇವರ ದೊಡ್ಡ ಕಷ್ಟ ಏನು ಗೊತ್ತಾ? ಇವರು ಕೆಲಸ ಮಾಡ್ತಿದ್ದಾರೆ ಅಂತ ಮನೆಯವರಿಗೇ ಅನ್ನಿಸೋದಿಲ್ಲ. ‘ಹೆಂಗೂ ಮನ್ಯಾಗ ಇದ್ದಿ, ಗ್ಯಾಸ್ ಬಂದ್ರ ಇಳಿಸ್ಕೊ’ ಅಂತ ಹೇಳಿ ಎಲ್ಲರೂ ಹೊರಟುಬಿಡುತ್ತಾರೆ. ಅದು ಹೋಗಲಿ, ಮಾಡಿದ ಕೆಲಸ ಹೇಗಿದೆ ಅಂತ ತೋರಿಸೋದಕ್ಕೆ ಪಕ್ಕದಲ್ಲಿ ಯಾರೂ ಇರೋದಿಲ್ಲ. ನಿಜವಾದ ನಷ್ಟ ಇದು.

ಗಣೇಶೋತ್ಸವದ ಸೀಸನ್ನೇ ತಗೊಳ್ಳಿ. ಬ್ಯಾನರ್‌ನಲ್ಲಿ ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ. ಮ್ಯಾಟರ್ ವಾಟ್ಸಾಪ್‌ನಲ್ಲಿ ಯೂನಿಕೋಡ್‌ನಲ್ಲಿ, ಅಂದರೆ ಮೊಬೈಲ್‌ಗಳು ಬಳಸುವ ಅಕ್ಷರ ಸಂಕೇತದಲ್ಲಿ ಬರುತ್ತೆ, ಡಿಸೈನರ್ ಅದನ್ನು ಕೋರೆಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನ ಹಳೇ ಆವೃತ್ತಿಯಲ್ಲಿ, ಬೇರೆ ಸಂಕೇತದ ಹಳೇ ನುಡಿ ಫಾಂಟ್‌ಗೆ ಹಾಕಿದ ಕೂಡಲೇ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಒಬ್ಬರೇ ಇದ್ದರೆ ಮಧ್ಯಾಹ್ನ ಪೂರ್ತಿ ಅದರಲ್ಲೇ ಹೋಯಿತು. ಪಕ್ಕದ ಟೇಬಲ್‌ನಲ್ಲಿ ಪುಸ್ತಕದ ಪುಟ ಕಟ್ಟುವವರೊಬ್ಬರು ಇದ್ದರೆ, ಕನ್ವರ್ಟ್ ಮಾಡೋದು ಹೀಗೆ ಅಂತ ಎದ್ದು ಬಂದು ತೋರಿಸುತ್ತಾರೆ, ತೋರಿಸುತ್ತಾ ಇರುವಾಗಲೇ ‘ಶುಭಾಷಯಗಳು’ ಅಂತ ಬರೆದಿರೋದೂ ಕಣ್ಣಿಗೆ ಬೀಳುತ್ತೆ, ‘ಸರ್, ಶ ಅಲ್ವಾ ಅದು, ಷ ಯಾಕೆ ಬಂತು’ ಅಂತಾರೆ. ಮರಾಠಿ ಸಾಲನ್ನು ಇನ್ನೊಬ್ಬರು ನೋಡುತ್ತಾರೆ. ಫೈಲ್ ಫ್ಲೆಕ್ಸ್ ಪ್ರಿಂಟಿಂಗ್‌ಗೆ ಹೋಗೋ ಮೊದಲೇ ತಪ್ಪು ಸರಿಹೋಯಿತು. (ಊರ ತುಂಬ ಕಾಣುವ ಶುಭಾಷಯಗಳನ್ನು ನೋಡಿದರೆ ಈ ಜಾಗಗಳು ಇನ್ನೂ ಸಾಲದು ಅನ್ನಿಸುತ್ತೆ.)

ಕೆಲಸ ಹುಟ್ಟೋದೂ ಹೀಗೇ. ವಿಡಿಯೋದವರಿಗೆ ಟೈಟಲ್ ಬರೆಯೋರು ಬೇಕು, ಅಂಗಡಿಯ ಲೋಗೋ ಮಾಡಿದವರನ್ನು ಮಾಲೀಕರು ವೆಬ್‌ಸೈಟ್ ಮಾಡ್ತೀರಾ ಅಂತ ಕೇಳುತ್ತಾರೆ, ಗೊತ್ತಿಲ್ಲ ಅಂತ ಬಿಡೋ ಬದಲು ಎದುರಿಗೆ ಕೂತವರ ಕಡೆ ಕೈ ತೋರಿಸಬಹುದು. ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕೋರು ಒಬ್ಬರು, ಹಾಸು (ಸೀರೆಯ ಉದ್ದದ ಎಳೆ) ಮಾಡೋರು ಇನ್ನೊಬ್ಬರು, ಮಗ್ಗದಲ್ಲಿ ಕೂರೋರು ಮತ್ತೊಬ್ಬರು, ಆದರೂ ಎಲ್ಲ ಒಂದೇ ಓಣಿಯ ಆಸುಪಾಸಿನವರು. ಲ್ಯಾಪ್‌ಟಾಪ್‌ನಲ್ಲಿ ದುಡಿಯುವವರಿಗೆ ಅಂಥ ಓಣಿ ಇರಲಿಲ್ಲ.

ಎಲ್ಲ ಕಲೆಗೂ ಟೇಬಲ್ ಸಾಕಾಗೋದಿಲ್ಲ, ನಿಜ. ಮಣ್ಣಿನ ಕೆಲಸಕ್ಕೆ ಭಟ್ಟಿ ಬೇಕು, ಅಚ್ಚಿನ ಚಿತ್ರಕ್ಕೆ ಪ್ರೆಸ್ ಬೇಕು, ಒಬ್ಬೊಬ್ಬರೇ ಕೊಳ್ಳೋಕೆ ಆಗುವ ವಸ್ತುಗಳಲ್ಲ ಅವು. ಕೇಂದ್ರ ಲಲಿತಕಲಾ ಅಕಾಡೆಮಿ ದೆಹಲಿಯ ಗಢಿಯಲ್ಲಿ ಕಲಾವಿದರಿಗೆ ಅಂಥ ಹಂಚಿಕೆಯ ಸ್ಟುಡಿಯೋಗಳನ್ನು ನಡೆಸುತ್ತಿದೆ. ಬೆಳಗಾವಿಗೆ ನನ್ನ ಪ್ರಕಾರ ಇನ್ನೊಂದು ಎಸಿ ಹಾಲ್‌ಗಿಂತ ಅದು ಜಾಸ್ತಿ ಬೇಕಾಗಿದೆ.

ಹಾಗಂತ ಕೋ-ವರ್ಕಿಂಗ್ ಬೋರ್ಡ್ ಇದ್ದಲ್ಲೆಲ್ಲ ಇಂಥ ಒಡನಾಟ ಸಿಗುತ್ತೆ ಅಂತ ತಿಳ್ಕೋಬೇಡಿ. 2010ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ವಿವರ್ಕ್ ಅನ್ನುವ ಕೋ-ವರ್ಕಿಂಗ್ ಕಂಪನಿಗೆ 2019ರ ಜನವರಿಯಲ್ಲಿ 4,700 ಕೋಟಿ ಡಾಲರ್ ಬೆಲೆ ಕಟ್ಟಿದ್ದರು. 2023ರ ನವೆಂಬರ್‌ನಲ್ಲಿ ಅದು ಅಮೆರಿಕದ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿತು. ಕಟ್ಟಡಗಳನ್ನು ವರ್ಷಗಟ್ಟಲೆ ಲೀಸ್‌ಗೆ ಹಿಡಿದು ತಿಂಗಳ ಲೆಕ್ಕದಲ್ಲಿ ಮರುಬಾಡಿಗೆಗೆ ಕೊಡುವ ವ್ಯಾಪಾರ ಅದು. ಜನ ಬರೋದು ಕಡಿಮೆಯಾದರೂ ಲೀಸ್ ದುಡ್ಡು ನಿಲ್ಲೋದಿಲ್ಲ. ಸಣ್ಣ ಊರಿನ ಸಣ್ಣ ಜಾಗಕ್ಕೂ ಇದೇ ಲೆಕ್ಕ, ಅದಕ್ಕೇ ಕೆಲವರು ಇಡೀ ಹಾಲನ್ನು ಒಂದೇ ಕಂಪನಿಗೆ ಕೊಟ್ಟುಬಿಡುತ್ತಾರೆ. ಆಮೇಲೆ ಅಲ್ಲಿ ಉಳಿಯೋದು ಬೋರ್ಡ್ ಮಾತ್ರ.

ಸೇರೋ ಮುಂಚೆ ಒಂದು ದಿನದ ಪಾಸ್ ತಗೊಂಡು ಕೂತು ನೋಡಿ. ಚಹಾ ಹೊತ್ತಿಗೆ ಯಾರಾದರೂ ‘ನೀವೇನು ಮಾಡ್ತೀರಿ?’ ಅಂತ ಕೇಳಿದರಾ? ಮಳೆಗಾಲದಲ್ಲಿ ಕರೆಂಟ್ ಹೋದರೆ ಬ್ಯಾಕಪ್ ಎಷ್ಟು ಹೊತ್ತು, ಸಂಜೆ ಎಷ್ಟಕ್ಕೆ ಬಾಗಿಲು ಹಾಕುತ್ತಾರೆ, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದೆಯಾ, ಫೋನ್‌ನಲ್ಲಿ ಮಾತಾಡೋಕೆ ಬಾಗಿಲಿರೋ ಕೋಣೆ ಇದೆಯಾ ವಿಚಾರಿಸಿ. ಜಿಎಸ್‌ಟಿ ಮಾಡಿಸೋರಾದರೆ ಅದೇ ವಿಳಾಸಕ್ಕೆ ಬಾಡಿಗೆ ಕರಾರು, ಎನ್‌ಒಸಿ (ತಮ್ಮ ಅಭ್ಯಂತರ ಇಲ್ಲ ಅನ್ನುವ ಪತ್ರ), ಕರೆಂಟ್ ಬಿಲ್ ಪ್ರತಿ ಕೊಡ್ತಾರಾ ಅಂತ ಮೊದಲೇ ಕೇಳಿಕೊಳ್ಳಿ, ದುಡ್ಡು ಕಟ್ಟಿದ ಮೇಲೆ ಅಲ್ಲ.