ಚಳಿಗೆ ಕಾಳು ಕೊಟ್ಟರೆ ಮುದಿ ಮೊಲದ ಮೈ ಬೆಚ್ಚಗಾಗುತ್ತದಾ?

ಪ್ರಶ್ನೆ: ನಮ್ಮ ಮೊಲಕ್ಕೆ ಎಂಟು ವರ್ಷ. ಮೊದಲಿಂದಲೂ ಹೊರಗಿನ ಗೂಡಿನಲ್ಲೇ ಇದೆ. ಈಗ ಚಳಿ ಜಾಸ್ತಿಯಾಗುತ್ತಿದೆ. ಮೈ ಬೆಚ್ಚಗಿರಲಿ ಅಂತ ಓಟ್ಸ್, ಮೆಕ್ಕೆಜೋಳ, ಬ್ರೆಡ್ಡು ಕೊಡಬಹುದಾ? ದಿನಕ್ಕೆ ಎಷ್ಟು ಕೊಡಬೇಕು?

ಉತ್ತರ: ಕೊಡಬೇಡಿ. ಅದರ ಬದಲು ಒಣಹುಲ್ಲನ್ನು ಜಾಸ್ತಿ ಮಾಡಿ, ನೀರು ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳಿ, ವಾರಕ್ಕೊಮ್ಮೆ ತೂಕ ನೋಡಿ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ.

ಆದರೆ ಇಷ್ಟೇ ಹೇಳಿ ಬಿಟ್ಟರೆ ಯಾರೂ ಒಪ್ಪುವುದಿಲ್ಲ, ಅದು ನನಗೆ ಗೊತ್ತು. ಪ್ರತಿ ವರ್ಷ ಚಳಿ ಬಿದ್ದ ಕೂಡಲೇ ಇದೇ ಪ್ರಶ್ನೆ ಬರುತ್ತದೆ. ಪ್ರತಿ ವರ್ಷ ಇದೇ ಉತ್ತರ ಕೊಡುತ್ತೇನೆ. ಕೇಳುವವರ ಮೇಲೆ ನನಗೆ ಬೇಜಾರಿಲ್ಲ. ವಯಸ್ಸಾದ ಜೀವ ಹೊರಗೆ ಚಳಿಯಲ್ಲಿದೆಯಲ್ಲ ಅನ್ನುವ ಕಾಳಜಿ ಇದ್ದವರೇ ಕೇಳುತ್ತಾರೆ. ನನಗೆ ಬೇಜಾರಿರುವುದು "ಕಾಳು ಅಂದರೆ ಶಾಖ, ಹುಲ್ಲು ಅಂದರೆ ಸುಮ್ನೆ ಹೊಟ್ಟೆ ತುಂಬಿಸುವ ಕಸ" ಅನ್ನುವ ನಂಬಿಕೆಯ ಮೇಲೆ. ಈ ಸಲ ಅದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೊದಲು ಮೊಲದ ಹೊಟ್ಟೆಯೊಳಗೆ ಏನಿದೆ ನೋಡಿ. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಕಡೆ ಒಂದು ದೊಡ್ಡ ಚೀಲ ಇದೆ. ವೈದ್ಯರು ಅದನ್ನು ಸೀಕಮ್ ಅನ್ನುತ್ತಾರೆ. ಮನುಷ್ಯರಲ್ಲಿ ಇದು ಚಿಕ್ಕದು. ಮೊಲದಲ್ಲಿ ಮಾತ್ರ ಹೊಟ್ಟೆಯ ಅತಿ ದೊಡ್ಡ ಅಂಗವೇ ಇದು. ಕರುಳಿನಲ್ಲಿರುವ ಒಟ್ಟು ಸರಕಿನ ಸುಮಾರು 40% ಇಲ್ಲೇ ಇರುತ್ತದೆ. ಹುಲ್ಲಿನ ನುಣ್ಣಗಾದ ನಾರು ಈ ಚೀಲಕ್ಕೆ ಬಂದು ಸೇರುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹಗಲೂ ರಾತ್ರಿ ಹುಳಿಸುತ್ತಲೇ ಇರುತ್ತವೆ. ಹುಳಿಯುವಾಗ ಶಾಖ ಹುಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಗೊಬ್ಬರದ ರಾಶಿಯನ್ನು ಕೆದಕಿದರೆ ಒಳಗಿಂದ ಹಬೆ ಏಳುತ್ತದಲ್ಲ, ಇಲ್ಲಿ ನಡೆಯುವುದೂ ಅದೇ ಕೆಲಸ. ಹುಳಿದಾಗ ಬರುವ ಕೊಬ್ಬಿನಾಮ್ಲಗಳು ರಕ್ತಕ್ಕೆ ಸೇರುತ್ತವೆ. ಸುಮ್ಮನೆ ಬದುಕಿರಲು ಮೊಲಕ್ಕೆ ಬೇಕಾದ ಶಕ್ತಿಯಲ್ಲಿ 40%ರವರೆಗೂ ಈ ದಾರಿಯಿಂದಲೇ ಬರಬಹುದು. ಕಸ ಅಂದುಕೊಂಡ ಹುಲ್ಲು ಮಾಡುವ ಕೆಲಸ ಇದು.

ನುಣ್ಣಗಾಗದ ಒರಟು ನಾರಿಗೂ ಕೆಲಸವಿದೆ. ಅದು ಚೀಲಕ್ಕೆ ಹೋಗದೆ ನೇರವಾಗಿ ಮುಂದಕ್ಕೆ ಸಾಗುತ್ತದೆ, ಹೋಗುತ್ತಾ ಕರುಳನ್ನು ಚಾಲನೆಯಲ್ಲಿ ಇಡುತ್ತದೆ. ಕೊನೆಗೆ ನೀವು ಗುಡಿಸುವ ಗುಂಡು ಗುಂಡಾದ ಒಣ ಹಿಕ್ಕೆಯಾಗಿ ಹೊರಗೆ ಬರುತ್ತದೆ. ಒರಟು ನಾರು ನಿಂತರೆ ಕರುಳೂ ನಿಧಾನವಾಗುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಕರುಳು ನಿಂತರೆ ಒಳಗಿರುವುದು ಒಳಗೇ ಒಣಗುತ್ತದೆ, ಗ್ಯಾಸ್ ತುಂಬುತ್ತದೆ, ನೋವಿಗೆ ಅದು ಇನ್ನೂ ಊಟ ಬಿಡುತ್ತದೆ.

ಈಗ ಕಾಳಿನ ವಿಷಯ. ಕಾಳಿನಲ್ಲಿ ಕ್ಯಾಲೊರಿ ಜಾಸ್ತಿ ಇರುವುದು ನಿಜ. ಚಳಿಯಲ್ಲಿ ಹೊರಗಿರುವ ಮೊಲಕ್ಕೆ ಸ್ವಲ್ಪ ಜಾಸ್ತಿ ಶಕ್ತಿ ಬೇಕಾಗುವುದೂ ನಿಜ. ಈ ಎರಡು ನಿಜಗಳನ್ನು ಸೇರಿಸಿ "ಹಾಗಾದರೆ ಕಾಳು ಕೊಡೋಣ" ಅನ್ನುವಲ್ಲಿ ದಾರಿ ತಪ್ಪುತ್ತದೆ. ಯಾಕೆಂದರೆ ಕಾಳು ಬಟ್ಟಲಿಗೆ ಬಂದ ದಿನವೇ ಮೊಲ ಹುಲ್ಲು ತಿನ್ನುವುದನ್ನು ಕಡಿಮೆ ಮಾಡುತ್ತದೆ. ಸಿಹಿಯಾದದ್ದು, ಮೆತ್ತಗಿನದು, ಪಿಷ್ಟ ತುಂಬಿದ್ದು ಸಿಕ್ಕರೆ ಅದನ್ನೇ ಮೊದಲು ಆರಿಸಿಕೊಂಡು ತಿನ್ನುವುದು ಅದರ ಹುಟ್ಟುಗುಣ. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ 32 ಡಚ್ ಮೊಲಗಳಿಗೆ 17 ತಿಂಗಳು ಬೇರೆ ಬೇರೆ ಆಹಾರ ಕೊಟ್ಟು ನೋಡಿದ್ದಾರೆ. ಕೆಲವಕ್ಕೆ ಬರೀ ಒಣಹುಲ್ಲು, ಕೆಲವಕ್ಕೆ ಹುಲ್ಲಿನ ಜೊತೆ ಪೆಲೆಟ್ (ಎಲ್ಲವನ್ನೂ ಅರೆದು ಒತ್ತಿ ಒಂದೇ ತರಹ ಮಾಡಿದ ಗುಳಿಗೆಯಂಥ ಮೊಲದ ಆಹಾರ), ಇನ್ನು ಕೆಲವಕ್ಕೆ ಕಾಳು-ಚೂರುಗಳ ಮಿಶ್ರಣ, ಅಂದರೆ ಮ್ಯೂಸ್ಲಿ. ಮ್ಯೂಸ್ಲಿ ತಿಂದವು ಬೇಕಾದದ್ದನ್ನು ಮಾತ್ರ ಹೆಕ್ಕಿ ತಿಂದವು. ಹುಲ್ಲು ಕಡಿಮೆ ತಿಂದವು. ನೀರನ್ನೂ ಕಡಿಮೆ ಕುಡಿದವು. ಹಿಕ್ಕೆ ಸಣ್ಣದಾಯಿತು. ಮ್ಯೂಸ್ಲಿ ಒಂದನ್ನೇ ತಿಂದವುಗಳ ಹಲ್ಲು ಉದ್ದವಾಗಿ ಬಾಗಿದವು.

ಹಲ್ಲಿನ ಮಾತು ಇಲ್ಲಿ ಬಹಳ ಮುಖ್ಯ. ಮೊಲಕ್ಕೆ 28 ಹಲ್ಲು. ಎಲ್ಲವೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಮುಂದಿನ ಹಲ್ಲುಗಳು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತವೆ. ಒಣಹುಲ್ಲು ತಿನ್ನುವ ಮೊಲದ ಬಾಯಿಯನ್ನು ಹತ್ತಿರದಿಂದ ನೋಡಿ. ಒಂದು ಎಸಳು ಮೀಸೆಯ ಹತ್ತಿರ ಅಡ್ಡಡ್ಡ ಆಡುತ್ತಾ ಇಷ್ಟಿಷ್ಟೇ ಒಳಗೆ ಹೋಗುತ್ತದೆ, ಕೆಳದವಡೆ ಪಕ್ಕಕ್ಕೆ ಪಕ್ಕಕ್ಕೆ ಓಡಾಡುತ್ತದೆ. ಹಾಗೆ ಅಡ್ಡಕ್ಕೆ ಅರೆದಾಗಲೇ ದವಡೆ ಹಲ್ಲು ಸವೆಯುವುದು. ಕಾಳನ್ನು ಅದು ಮೇಲೆ ಕೆಳಗೆ ಕಚ್ಚಿ ಪುಡಿ ಮಾಡಿ ನುಂಗಿಬಿಡುತ್ತದೆ. ಹಲ್ಲು ಸವೆಯುವುದಿಲ್ಲ. ಅಂಚು ಚೂಪಾಗಿ ನಾಲಿಗೆಗೆ, ಕೆನ್ನೆಗೆ ಚುಚ್ಚಲು ಶುರುವಾಗುತ್ತದೆ. ಆಮೇಲೆ ಅದು ಹುಲ್ಲು ಮುಟ್ಟುವುದಿಲ್ಲ. "ಅಯ್ಯೋ, ಹುಲ್ಲು ತಿನ್ನುತ್ತಿಲ್ಲ, ಕಾಳಾದರೂ ತಿನ್ನಲಿ" ಅಂತ ನೀವು ಇನ್ನೊಂದು ಹಿಡಿ ಹಾಕುತ್ತೀರಿ. ಎಷ್ಟೋ ಮನೆಗಳಲ್ಲಿ ನಡೆಯುವುದು ಇದೇ.

"ಹೋದ ವರ್ಷವೂ ಕೊಟ್ಟಿದ್ದೆ, ಏನೂ ಆಗಲಿಲ್ಲ" ಅನ್ನುವವರಿದ್ದಾರೆ. ಹಲ್ಲು ಕೆಡುವುದು ತಿಂಗಳುಗಟ್ಟಲೆ ನಡೆಯುವ ಕೆಲಸ. ಬೊಜ್ಜು ಬರುವುದೂ ಹಾಗೆಯೇ. ಬೊಜ್ಜು ಬಂದ ಮುದಿ ಮೊಲದ ಕೀಲುಗಳ ಮೇಲೆ ಭಾರ ಬೀಳುತ್ತದೆ, ಅದು ಓಡಾಡುವುದು ಕಡಿಮೆಯಾಗುತ್ತದೆ. ಅಂಥ ಮೊಲ ಒಂದು ದಿನ ಊಟ ಬಿಟ್ಟರೂ ಕೊಬ್ಬು ಲಿವರ್‌ಗೆ ನುಗ್ಗಿ ಪ್ರಾಣಕ್ಕೇ ಬರಬಹುದು. ಇನ್ನು ಕೆಲವರು "ದನ, ಕುದುರೆಗೆಲ್ಲ ಚಳಿಯಲ್ಲಿ ಕಾಳು ಕೊಡುತ್ತಾರಲ್ಲ" ಅನ್ನುತ್ತಾರೆ. ದುಡಿಯುವ ಪ್ರಾಣಿಯ, ಹಾಲು ಕರೆಯುವ ಪ್ರಾಣಿಯ ಲೆಕ್ಕ ಬೇರೆ. ನಿಮ್ಮ ಮೊಲ ಗೂಡಿನಲ್ಲಿ ಕೂತಿದೆ. ಸಾಕು ಮೊಲಗಳೆಲ್ಲ ಯುರೋಪಿನ ಕಾಡುಮೊಲದ ಸಂತತಿ. ಆ ಕಾಡುಮೊಲ ಇವತ್ತಿಗೂ ಚಳಿಗಾಲ ಕಳೆಯುವುದು ಒಣಗಿದ ಹುಲ್ಲು, ಮರದ ತೊಗಟೆ, ಕಡ್ಡಿ ತಿಂದುಕೊಂಡು.

ಬ್ರೆಡ್ಡಿನ ಬಗ್ಗೆ ಬೇರೆ ಹೇಳಬೇಕಿಲ್ಲ, ಅಲ್ವಾ? ಒಣಗಿದ ಬ್ರೆಡ್ಡು ಕೊಟ್ಟರೆ ಹಲ್ಲು ಸವೆಯುತ್ತದೆ ಅನ್ನುವುದೂ ಸುಳ್ಳು. ಬಾಯಿಗೆ ಹೋದ ಕೂಡಲೇ ಅದು ಮೆತ್ತಗಾಗುತ್ತದೆ.

ಹಾಗಾದರೆ ಏನು ಕೊಡಬೇಕು? ಒಣಹುಲ್ಲು, ಅದೂ ಮಿತಿಯಿಲ್ಲದೆ. ಟಿಮೊಥಿ ಆಗಲಿ, ಬೇರೆ ಯಾವುದೇ ಮೇವಿನ ಹುಲ್ಲಾಗಲಿ, ಒಳ್ಳೆಯ ಪರಿಮಳ ಇರಬೇಕು, ಧೂಳು, ಬೂಷ್ಟು ಇರಬಾರದು. ಒಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಮೊಲ ಹೊಟ್ಟೆ ತುಂಬ ತಿನ್ನುವುದು ಸಂಜೆಯಿಂದ ಬೆಳಗಿನವರೆಗೆ. ಚಳಿಗಾಲದ ರಾತ್ರಿ ಉದ್ದ. ಬೆಳಿಗ್ಗೆ ಒಂದು ಸಲ ಹುಲ್ಲು ಹಾಕಿ ಸುಮ್ಮನಾದರೆ, ಅತಿ ಚಳಿ ಇರುವ ಹೊತ್ತಿಗೆ ಬುಟ್ಟಿ ಖಾಲಿ. ಸಂಜೆ ಕತ್ತಲಾಗುವ ಮೊದಲು ಹೊಸ ಹುಲ್ಲನ್ನು ಧಾರಾಳವಾಗಿ ಹಾಕಿ. ವಯಸ್ಸಾದ ಮೊಲದ ಬೆನ್ನು, ಕತ್ತು ಬಿಗಿದಿರುತ್ತದೆ. ಎತ್ತರದ ಜಾಲರಿಯಿಂದ ಎಳೆದು ತಿನ್ನಲು ಅದಕ್ಕೆ ಕಷ್ಟ. ಮಲಗುವ ಜಾಗದ ಪಕ್ಕದಲ್ಲೇ, ನೆಲಮಟ್ಟದಲ್ಲಿ, ಎರಡು ಕಡೆ ಹಾಕಿ. ಕಾಲು ಜಾರದ ಹಾಗೆ ಕೆಳಗೆ ಏನಾದರೂ ಹಾಸಿ.

ಪೆಲೆಟ್ ಕೊಡುವುದಾದರೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 25 ಗ್ರಾಂ ಸಾಕು. ಎರಡು ಕಿಲೋ ಮೊಲಕ್ಕೆ 50 ಗ್ರಾಂ. ಸೊಪ್ಪು ಕೊಡಿ, ಆದರೆ ಮಂಜು ಹಿಡಿದದ್ದು, ಫ್ರಿಜ್ಜಿನಿಂದ ಈಗಷ್ಟೇ ತೆಗೆದದ್ದು ಬೇಡ. ನೀರು ಝಾಡಿಸಿ, ತಣ್ಣಗಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಕೊಡಿ.

ನೀರಿನ ವಿಷಯಕ್ಕೆ ಬಂದರೆ, ಚಳಿಗಾಲದಲ್ಲಿ ಊಟ ಕೆಡುವುದು ಎಷ್ಟೋ ಸಲ ಇಲ್ಲಿಂದಲೇ. ಎರಡು ಕಿಲೋ ಮೊಲ ದಿನಕ್ಕೆ ಸುಮಾರು 200 ಮಿಲಿಲೀಟರ್ ಕುಡಿಯುತ್ತದೆ, ಒಣಹುಲ್ಲು ಜಾಸ್ತಿ ತಿಂದರೆ ಇನ್ನೂ ಜಾಸ್ತಿ. ನೀರು ಸಿಗದಿದ್ದರೆ ಒಣಹುಲ್ಲು ಗಂಟಲಿಗೆ ಇಳಿಯುವುದಿಲ್ಲ. ತೂಗು ಹಾಕುವ ಬಾಟಲಿ ಇದ್ದರೆ ಒಂದು ಕೆಲಸ ಮಾಡಿ. ಬೆಳಿಗ್ಗೆ ಹೋದಾಗ ಅದರ ನಳಿಗೆಯ ತುದಿಯ ಲೋಹದ ಗುಂಡನ್ನು ಬೆರಳಿನಿಂದ ಒತ್ತಿ ನೋಡಿ. ಬಾಟಲಿಯಲ್ಲಿ ನೀರು ನೀರಾಗಿಯೇ ಕಾಣುತ್ತದೆ, ಆದರೆ ಗುಂಡು ಅಲುಗುವುದಿಲ್ಲ. ಮೊದಲು ಹೆಪ್ಪುಗಟ್ಟುವುದು ಆ ತುದಿ. ಮೊಲ ರಾತ್ರಿಯೆಲ್ಲ ಅದನ್ನು ನೆಕ್ಕಿರುತ್ತದೆ, ಒಂದು ಹನಿಯೂ ಸಿಕ್ಕಿರುವುದಿಲ್ಲ. ಭಾರವಾದ ಪಿಂಗಾಣಿ ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರಿಡಿ, ದಿನಕ್ಕೆ ಎರಡು ಮೂರು ಸಲ ಬದಲಿಸಿ. ಬಟ್ಟಲಿನಿಂದ ಮೊಲ ಜಾಸ್ತಿಯೇ ಕುಡಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಮೊಲ ಸೊರಗುತ್ತಿದ್ದರೆ? ಕಣ್ಣನ್ನು ನಂಬಬೇಡಿ. ಚಳಿಗಾಲದ ದಪ್ಪ ಕೂದಲು ಎಲ್ಲವನ್ನೂ ಮುಚ್ಚುತ್ತದೆ. ನೋಡಲು ಉಂಡೆಯಂತಿದ್ದ ಮೊಲದ ಬೆನ್ನ ಮೇಲೆ ಬೆರಳು ಇಳಿಸಿದರೆ ಮೂಳೆಯ ಗಂಟುಗಳು ಒಂದೊಂದಾಗಿ ಎಣಿಸುವಷ್ಟು ಚೂಪಾಗಿ ಸಿಗಬಹುದು. ಅದಕ್ಕೇ ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ ಅನ್ನುವುದು. ತೂಕ ಇಳಿಯುತ್ತಿದ್ದರೆ ಕಾರಣ ಹುಡುಕಬೇಕು. ಗಲ್ಲ ಒದ್ದೆ ಇದೆಯಾ, ಬಾಯಿಂದ ತುತ್ತು ಬೀಳುತ್ತಿದೆಯಾ? ಹಲ್ಲಿನ ತೊಂದರೆ ಇರಬಹುದು. ನೀರು ಬಹಳ ಕುಡಿದು ಬಹಳ ಉಚ್ಚೆ ಹೊಯ್ಯುತ್ತಿದೆಯಾ? ಕಿಡ್ನಿ ಇರಬಹುದು. ಹಿಂಭಾಗದಲ್ಲಿ ಮೆತ್ತಗಿನ ಅಂಟು ಹಿಕ್ಕೆ ಮೆತ್ತಿಕೊಂಡಿದೆಯಾ? ಅದನ್ನು ಬಹಳ ಜನ ಭೇದಿ ಅಂದುಕೊಳ್ಳುತ್ತಾರೆ. ಸೀಕಮ್‌ನಿಂದ ಬರುವ ಮೆತ್ತಗಿನ ಹಿಕ್ಕೆಯನ್ನು ಮೊಲ ಬಗ್ಗಿ ನೇರವಾಗಿ ತಿನ್ನಬೇಕು, ಅದರಲ್ಲಿ ಪ್ರೋಟೀನು, ಬಿ ವಿಟಮಿನ್ ಇರುತ್ತದೆ. ಬೆನ್ನು ನೋವಿರುವ ಮೊಲಕ್ಕೆ ಬಗ್ಗಲು ಆಗುವುದಿಲ್ಲ. ಅಂಥದ್ದಕ್ಕೆ ನೋವಿನ ಔಷಧಿ ಬೇಕು, ಅದನ್ನು ವೈದ್ಯರು ಕೊಡಬೇಕು. ಮನುಷ್ಯರ ಮಾತ್ರೆ ಕೊಡಬೇಡಿ.

ಕಾರಣ ಗೊತ್ತಾದ ಮೇಲೆ ತೂಕ ಏರಿಸಲು ದಾರಿಗಳಿವೆ. ಪೆಲೆಟ್ ಅನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಮುದ್ದೆ ಮಾಡಿ ಕೊಡಬಹುದು. ಹುಲ್ಲನ್ನು ಸಣ್ಣಗೆ ಕತ್ತರಿಸಿ ಕೊಡಬಹುದು. ಪೆಲೆಟ್ ಪ್ರಮಾಣವನ್ನು ಏಳರಿಂದ ಹತ್ತು ದಿನಗಳಲ್ಲಿ ನಿಧಾನವಾಗಿ ಏರಿಸಬಹುದು. ಲೂಸರ್ನ್, ಅಂದರೆ ಕುದುರೆ ಮಸಾಲೆ ಹುಲ್ಲಿನಲ್ಲಿ ಪ್ರೋಟೀನು ಜಾಸ್ತಿ, ಬಡಕಲಾದ ಮೊಲಕ್ಕೆ ಸ್ವಲ್ಪ ಸೇರಿಸಬಹುದು. ಆದರೆ ಕ್ಯಾಲ್ಸಿಯಮ್ಮೂ ಜಾಸ್ತಿ. ಮೊಲ ತಿಂದ ಕ್ಯಾಲ್ಸಿಯಮ್ಮನ್ನು ಪೂರ್ತಿಯೆಂಬಷ್ಟು ಹೀರಿಕೊಂಡು ಹೆಚ್ಚಾದದ್ದನ್ನು ಉಚ್ಚೆಯಲ್ಲಿ ಹೊರಹಾಕುತ್ತದೆ. ಕಿಡ್ನಿ ಸರಿಯಿಲ್ಲದಿದ್ದರೆ ಅದು ಕೊಡುವ ಹುಲ್ಲಲ್ಲ. ಮೊದಲು ಪರೀಕ್ಷೆ ಮಾಡಿಸಿ.

ಮತ್ತೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಮೊಲ ಹತ್ತು ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಮುದುಡಿ ಕೂತು ಹಲ್ಲು ಕಡಿಯುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ವೈದ್ಯರ ಹತ್ತಿರ ಹೋಗಿ.

ಊಟದ ಮಾತು ಬಂದಾಗಲೆಲ್ಲ ನನಗೆ ಇನ್ನೊಂದು ಯೋಚನೆ ಬರುತ್ತದೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮುದಿ ಮೊಲವನ್ನು ರಾತ್ರಿ ಮನೆಯೊಳಗೆ ತರಬೇಕಾ? ಆರೋಗ್ಯವಾಗಿರುವ ಮೊಲ ಚಳಿಯನ್ನು ಚೆನ್ನಾಗಿ ತಡೆಯುತ್ತದೆ. ಅದಕ್ಕೆ ನಿಜವಾದ ಶತ್ರು ಸೆಕೆ, ಮತ್ತೆ ಒದ್ದೆ ಮತ್ತು ಗಾಳಿ. ಒಣಗಿದ ಗೂಡು, ದಪ್ಪಗೆ ಹಾಸಿದ ಗೋಧಿ ಹುಲ್ಲು, ಗಾಳಿಗೆ ಬೆನ್ನು ಮಾಡಿದ ಬಾಗಿಲು, ಪಕ್ಕದಲ್ಲಿ ಇನ್ನೊಂದು ಮೊಲ, ಇಷ್ಟಿದ್ದರೆ ಬಹಳಷ್ಟು ಮೊಲಗಳಿಗೆ ಸಾಕು. ಗೋಧಿ ಹುಲ್ಲಿನ ಟೊಳ್ಳು ಕಡ್ಡಿಗಳೊಳಗೆ ಗಾಳಿ ನಿಲ್ಲುತ್ತದೆ, ಅದಕ್ಕೇ ಅದು ಬೆಚ್ಚಗಿರುವುದು. ಆದರೆ ಬಡಕಲಾದದ್ದು, ಸಂಧಿನೋವಿರುವುದು, ಕಿಡ್ನಿ ಕೆಟ್ಟದ್ದು, ಜೊತೆಗಾರನನ್ನು ಕಳೆದುಕೊಂಡದ್ದು ಒಳಗೆ ಬರಲಿ. ಬಂದರೆ ಚಳಿಗಾಲ ಮುಗಿಯುವವರೆಗೂ ಒಳಗೇ ಇರಲಿ. ಹಗಲು ಹೊರಗೆ, ರಾತ್ರಿ ಹೀಟರ್ ಪಕ್ಕ ಅನ್ನುವ ಓಡಾಟ ಬೇಡ. ದಪ್ಪ ಕೂದಲು ಹೊದ್ದ ಮೊಲಕ್ಕೆ ಬಿಸಿ ಕೋಣೆಯಲ್ಲಿ ಸೆಕೆಯಾಗುತ್ತದೆ, ಆ ಬೆಚ್ಚಗೆ ಒಗ್ಗಿ ಕೂದಲು ಉದುರಿಸಿದ ಮೇಲೆ ಹೊರಗೆ ಬಿಟ್ಟರೆ ಚಳಿ ತಡೆಯುವುದಿಲ್ಲ. ಹೀಟರ್ ಇಲ್ಲದ, ಬೆಳಕಿರುವ ಒಂದು ಕೋಣೆ ಸಾಕು. ತರುವಾಗ ಹಳೆಯ ಹಾಸಿಗೆಯ ಒಂದಿಷ್ಟು ಹುಲ್ಲನ್ನೂ ಅದರ ಬಟ್ಟಲನ್ನೂ ಜೊತೆಗೆ ತನ್ನಿ. ಪರಿಚಿತ ವಾಸನೆ ಇದ್ದರೆ ಬೇಗ ತಿನ್ನಲು ಶುರು ಮಾಡುತ್ತದೆ. ಜೊತೆಗಾರ ಮೊಲ ಇದ್ದರೆ ಅದನ್ನೂ ಒಳಗೆ ತನ್ನಿ, ಬೇರೆ ಮಾಡಬೇಡಿ.